ಹಿಂದೆ ಸರಿದ ದೋಣಿ

“ಗುರುಗಳೇ, ಹುಟ್ಟಿನಿಂದ ಬಂದ ಕೆಟ್ಟ ಗುಣವನ್ನು ಯಾರಾದರೂ ತಿದ್ದಬಹುದೇ?” ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ದಾಸೋಹದಲ್ಲಿ ಊಟ ಬಡಿಸುವ ಶಿಷ್ಯ. ಕೂಗಿ ಕೂಗಿ ಅವನ ದನಿ ಒಡೆದಿತ್ತು, ಹೆಗಲ ಮೇಲಿನ ವಸ್ತ್ರ ಹರಿದಿತ್ತು. ಪಂಕ್ತಿಗೆ ಬರುವವರು ದಿನವೂ ಕೂಗಾಡುತ್ತಾರೆ, ಒಬ್ಬರನ್ನೊಬ್ಬರು ನೂಕುತ್ತಾರೆ, ಬೈದರೆ ಕೇಳುವುದಿಲ್ಲ, ಬೆತ್ತ ತೋರಿಸಿದರೆ ಹೆದರುವುದಿಲ್ಲ ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿದ.

“ಇವರು ಹುಟ್ಟಿದ್ದೇ ಹೀಗೆ. ನಾಳೆಯಿಂದ ದಾಸೋಹದ ಬಾಗಿಲು ಮುಚ್ಚಿಬಿಡೋಣ” ಎಂದ.

“ಕೂತುಕೋ” ಎಂದರು ಗುರುಗಳು. ಆಮೇಲೆ ಕತೆ ಶುರುಮಾಡಿದರು.

ಒಂದು ಹೊಳೆಯ ದಂಡೆಯಲ್ಲಿ ಒಂದು ಊರಿತ್ತು. ಸಂತೆ ಕೂಡುತ್ತಿದ್ದುದು ಆಚೆ ದಡದಲ್ಲಿ. ಹೊಳೆ ದಾಟಲು ಇದ್ದದ್ದು ಒಂದೇ ದೋಣಿ. ಸಂತೆಗೆ ಮೊದಲು ಹೋದವರಿಗೆ ಒಳ್ಳೆಯ ಜಾಗ, ತಡವಾದವರಿಗೆ ಬಿಸಿಲು. ಹಾಗಾಗಿ ಸಂತೆಯ ದಿನ ಬೆಳಿಗ್ಗೆ ದೋಣಿ ದಡ ಮುಟ್ಟುವುದೇ ತಡ, ಜನ ಅದರ ಮೇಲೆ ಬೀಳುತ್ತಿದ್ದರು. ಬುಟ್ಟಿ, ಮಡಕೆ, ಮೊಣಕೈ, ಎಲ್ಲ ಒಟ್ಟಿಗೆ ನುಗ್ಗುತ್ತಿದ್ದವು. ನೂಕಿದವನು ದೋಣಿಯಲ್ಲಿ ಕೂರುತ್ತಿದ್ದ, ದಾರಿ ಬಿಟ್ಟವನು ದಡದಲ್ಲಿ ಉಳಿಯುತ್ತಿದ್ದ. ಆ ಊರಿನವರೆಂದರೆ ಒರಟರು ಎಂದು ಸುತ್ತಲಿನ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಅವರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು.

ಒಂದು ಸಂತೆಯ ದಿನ ಆ ನೂಕಾಟಕ್ಕೆ ದೋಣಿ ಮಗುಚಿತು. ನೀರಿಗೆ ಬಿದ್ದವರನ್ನು ಅಂಬಿಗ ಒಬ್ಬೊಬ್ಬರನ್ನಾಗಿ ಎಳೆದು ದಡಕ್ಕೆ ಹಾಕಿದ. ಕೊನೆಯವನನ್ನು ಹಾಕಿ ತಾನೇ ಮುಳುಗಿಹೋದ.

ಅವನ ಹೆಂಡತಿಯ ಹೆಸರು ದುರುಗವ್ವ. ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿಲ್ಲ. ಅವಳೇ ಹುಟ್ಟು ಹಿಡಿದಳು. ಗಂಡನನ್ನು ಕೊಂದವರು ಇವರೇ ಎಂದು ಮನಸ್ಸಿನಲ್ಲಿ ಶಪಿಸುತ್ತಲೇ ಅವರನ್ನು ದಾಟಿಸುತ್ತಿದ್ದಳು. ಜನ ಸ್ವಲ್ಪ ದಿನ ತಲೆ ತಗ್ಗಿಸಿಕೊಂಡು ಬಂದರು. ಆಮೇಲೆ ಮತ್ತೆ ನೂಕಾಟ ಶುರುವಾಯಿತು. ಊರಗೌಡ ದಡದಲ್ಲಿ ಬೆತ್ತದ ಆಳುಗಳನ್ನು ನಿಲ್ಲಿಸಿದ. ಬೆನ್ನಿಗೆ ಏಟು ಬಿದ್ದಷ್ಟೂ ಜನ ದೋಣಿಯ ಕಡೆಗೇ ಓಡಿದರು. ಏಟು ತಿಂದವನೂ ದೋಣಿಯಲ್ಲಿ ಕೂತೇ ಸಂತೆಗೆ ಹೋದ.

ಅವರಲ್ಲೆಲ್ಲ ಹೆಚ್ಚು ನೂಕುತ್ತಿದ್ದವನು ಒಬ್ಬ ಗಾಣಿಗ. ಹೋರಿಯಂಥ ಆಳು. ಒಂದು ಬೆಳಿಗ್ಗೆ ಅವನು ಸೊಪ್ಪು ಮಾರುವ ಮುದುಕಿಯೊಬ್ಬಳನ್ನು ಪಕ್ಕಕ್ಕೆ ನೂಕಿ ದೋಣಿ ಹತ್ತಿದ. ಮುದುಕಿ ಕೆಸರಿನಲ್ಲಿ ಕೂತುಬಿಟ್ಟಳು. ದುರುಗವ್ವನಿಗೆ ಅವನ ಮುಖ ನೋಡಲೂ ಅಸಹ್ಯವಾಯಿತು.

ಅದೇ ದಿನ ಸಂಜೆ ಸಂತೆ ಮುಗಿದು ಜನ ಒಬ್ಬಿಬ್ಬರಾಗಿ ಹಿಂದಿರುಗುತ್ತಿದ್ದರು. ದೋಣಿಯಲ್ಲಿ ಬೇಕಾದಷ್ಟು ಜಾಗವಿತ್ತು. ಗಾಣಿಗ ಬಂದ. ಅವನ ಹಿಂದೆಯೇ ಆ ಮುದುಕಿ ಬಂದಳು. ಗಾಣಿಗ ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿದ. “ನೀನು ಮೊದಲು ಹತ್ತವ್ವ, ಜಾರುತ್ತೆ, ನನ್ನ ಕೈ ಹಿಡಕೋ” ಎಂದ.

ದುರುಗವ್ವ ಹುಟ್ಟು ಹಾಕುವುದನ್ನೇ ಮರೆತಳು. ಬೆಳಿಗ್ಗೆ ನೂಕಿದ್ದೂ ಇದೇ ಕೈ, ಈಗ ಹಿಡಿದದ್ದೂ ಇದೇ ಕೈ. ಮನುಷ್ಯ ಒಬ್ಬನೇ. ಹಾಗಾದರೆ ಬದಲಾದದ್ದು ಯಾವುದು? ಅವಳು ಮನೆಗೆ ಹೋಗಿ ಉಣ್ಣದೆ ಕೂತು ಅದನ್ನೇ ಯೋಚಿಸಿದಳು. ಬೆಳಿಗ್ಗೆ ನೂಕಿದರೆ ಜಾಗ ಸಿಗುತ್ತದೆ. ಸಂಜೆ ನೂಕದಿದ್ದರೂ ಸಿಗುತ್ತದೆ. ನೂಕಿದವನಿಗೆ ಜಾಗ ಕೊಡುತ್ತಿರುವುದು ಯಾರು? ದೋಣಿ. ದೋಣಿ ಯಾರ ಕೈಯಲ್ಲಿದೆ? ಅವಳು ತನ್ನ ಕೈಗಳನ್ನೇ ನೋಡಿಕೊಂಡಳು.

ಇಲ್ಲಿಗೆ ಬಂದಾಗ ಗುರುಗಳು ಒರಗಿದ್ದ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. ಅವರ ಮಾತು ಚುರುಕಾಯಿತು.

ಮುಂದಿನ ಸಂತೆಯ ಬೆಳಿಗ್ಗೆ ದಡದ ತುಂಬ ಜನ. ದುರುಗವ್ವ ದೋಣಿಯನ್ನು ತಂದಳು, ಆದರೆ ದಡ ಮುಟ್ಟಿಸಲಿಲ್ಲ. ನೀರಿನಲ್ಲೇ ನಿಲ್ಲಿಸಿದಳು. ಜನ ನೀರಿಗೆ ನುಗ್ಗಿದರು. ಅವಳು ದೋಣಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವರು ನಿಂತರು. ಅವಳು ಸ್ವಲ್ಪ ಮುಂದೆ ಬಂದಳು. ಅವರು ಮತ್ತೆ ನುಗ್ಗಿದರು. ಅವಳು ಮತ್ತೆ ಹಿಂದಕ್ಕೆ ಹೋದಳು.

ಜನಕ್ಕೆ ಸಿಟ್ಟು ಬಂತು. ಒಬ್ಬ ಕಲ್ಲು ಎಸೆದ. ಅದು ಅವಳ ಹಣೆಗೆ ಬಿತ್ತು. ಅವಳು ಸೆರಗಿನಿಂದ ಹಣೆ ಒತ್ತಿಕೊಂಡಳು, ಬೈಯಲಿಲ್ಲ, ಹೊಳೆಯ ನಡುವಿಗೆ ಹೋಗಿ ನಿಂತಳು. ಗೌಡ ಓಡಿಬಂದ.

“ಏನಿದು ದುರುಗವ್ವಾ? ಊರನ್ನೇ ಆಟ ಆಡಿಸ್ತಿದ್ದೀಯಾ?”

“ಇಲ್ಲ ಗೌಡರೇ” ಎಂದು ಅವಳು ಅಲ್ಲಿಂದಲೇ ಕೂಗಿ ಹೇಳಿದಳು. “ನಿಮ್ಮ ಬೆತ್ತದವರನ್ನು ಮನೆಗೆ ಕಳಿಸಿ. ದೋಣಿ ಸುಮ್ಮನೆ ನಿಂತವರ ಹತ್ತಿರ ಬರುತ್ತೆ. ನಾನು ಬೇರೆ ಏನೂ ಹೇಳೋದಿಲ್ಲ.”

ಹೊತ್ತು ಏರಿತು. ಆಚೆ ದಡದಲ್ಲಿ ಸಂತೆಯ ಗದ್ದಲ ಕೇಳತೊಡಗಿತು. ಎಲ್ಲರಿಗಿಂತ ಮುಂದೆ ನೀರಿನಲ್ಲಿ ನಿಂತಿದ್ದ ಗಾಣಿಗ ದೋಣಿಯನ್ನೇ ನೋಡುತ್ತಿದ್ದ. ಬೇಸತ್ತು ಒಂದು ಹೆಜ್ಜೆ ಹಿಂದಿಟ್ಟ. ದೋಣಿ ಒಂದಿಷ್ಟು ಮುಂದೆ ಬಂತು. ಅವನು ಹುಬ್ಬು ಗಂಟಿಕ್ಕಿದ. ಬೇಕೆಂದೇ ಇನ್ನೊಂದು ಹೆಜ್ಜೆ ಹಿಂದಿಟ್ಟ. ದೋಣಿ ಇನ್ನೂ ಮುಂದೆ ಬಂತು. ಅವನು ತಟ್ಟನೆ ತಿರುಗಿ ಎರಡೂ ತೋಳು ಚಾಚಿ ಹಿಂದಿನವರನ್ನು ತಡೆದ.

“ಸರೀರಿ, ಹಿಂದಕ್ಕೆ ಸರೀರಿ. ನಾವು ಸರಿದಷ್ಟೂ ಅವಳು ಬರ್ತಾಳೆ” ಎಂದ.

ಜನ ಸರಿದರು. ದೋಣಿ ಬಂತು. ಇನ್ನಷ್ಟು ಸರಿದರು. ದೋಣಿ ಇನ್ನಷ್ಟು ಬಂತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ದೋಣಿಯ ಮೂತಿ ಮರಳಿಗೆ ತಾಗಿದಾಗ ದಡದಲ್ಲಿ ಒಬ್ಬರೂ ಅಲುಗಲಿಲ್ಲ. ದುರುಗವ್ವ ಎಲ್ಲರಿಗಿಂತ ಹಿಂದೆ ನಿಂತಿದ್ದ ಸೊಪ್ಪಿನ ಮುದುಕಿಯನ್ನು ಮೊದಲು ಕರೆದಳು. ಆಮೇಲೆ ಗಾಣಿಗನನ್ನು ಕರೆದಳು.

ಅಂದಿನಿಂದ ಅದೇ ಅವಳ ಪದ್ಧತಿಯಾಯಿತು. ನಡುವೆ ಒಂದು ಸಲ ಮಾತ್ರ ತಪ್ಪಿದಳು. ಮೈಯಲ್ಲಿ ಜ್ವರವಿತ್ತು. ಒಂದಿಷ್ಟು ಜನ ನೂಕುತ್ತಿದ್ದುದನ್ನು ನೋಡಿಯೂ, ಮುಗಿದರೆ ಸಾಕೆಂದು ದೋಣಿಯನ್ನು ದಡಕ್ಕೆ ಹಚ್ಚಿದಳು. ಮುಂದಿನ ಸಂತೆಗೆ ನೂಕಾಟ ಮೊದಲಿಗಿಂತ ಜೋರಾಯಿತು. ಒಮ್ಮೆ ಸಿಕ್ಕಿದ್ದು ಇನ್ನೊಮ್ಮೆ ಸಿಗಬಹುದು ಎಂದು ಅವರು ಬಿಡದೆ ನೂಕಿದರು. ಅದನ್ನು ನಿಲ್ಲಿಸಲು ಅವಳಿಗೆ ಎಷ್ಟೋ ಸಂತೆಗಳು ಹಿಡಿದವು. ಆಮೇಲೆ ಜ್ವರ ಬಂದರೆ ಅವಳು ದೋಣಿಯನ್ನು ನೀರಿಗೇ ಇಳಿಸುತ್ತಿರಲಿಲ್ಲ.

ದಿನ ಕಳೆದಂತೆ ಜನ ತಾವಾಗಿ ಸಾಲು ಹಿಡಿದರು. ಮುದುಕರನ್ನು ಮುಂದೆ ಬಿಟ್ಟರು. ಬಸುರಿಯರಿಗೆ ಕೂರಲು ಹಲಗೆ ಹಾಕಿದರು. ದುರುಗವ್ವ ಹಿಂದೆ ಸರಿಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಆದರೂ ಅವಳ ಮನಸ್ಸಿನಲ್ಲಿ ಒಂದು ಅನುಮಾನ ಉಳಿದಿತ್ತು. ಇದು ಇವರ ಒಳಗೆ ಇಳಿದಿದೆಯೋ, ಬರೀ ದೋಣಿಯ ಆಸೆಗೆ ನಿಂತಿದೆಯೋ?

ಒಂದು ಮಳೆಗಾಲ ಮೇಲಿನ ಸೀಮೆಯಲ್ಲಿ ದೊಡ್ಡ ಕೆರೆಯೊಂದು ಒಡೆಯಿತು. ಹಾಡಹಗಲಲ್ಲಿ ನೀರು ಊರಿಗೆ ನುಗ್ಗಿತು. ಊರ ಹಿಂದಿನ ತಗ್ಗಿಗೂ ನೀರು ಹೊಕ್ಕು ಊರು ನಡುಗಡ್ಡೆಯಾಯಿತು. ಜನ ಮಕ್ಕಳನ್ನು ಎತ್ತಿಕೊಂಡು ಊರ ನಡುವಿನ ದಿಬ್ಬಕ್ಕೆ ಓಡಿದರು. ದಿಬ್ಬದ ಅಂಚನ್ನು ನೀರು ಕಚ್ಚಿ ಕಚ್ಚಿ ಬೀಳಿಸುತ್ತಿತ್ತು. ತಗ್ಗಿನ ಆಚೆಗೆ ಕಲ್ಲುಗುಡ್ಡವಿತ್ತು. ಅಲ್ಲಿ ಮುಟ್ಟಿದರೆ ಬದುಕು. ಮುಟ್ಟಲು ಅದೇ ಒಂದು ದೋಣಿ.

ದುರುಗವ್ವ ದೋಣಿಯನ್ನು ದಿಬ್ಬಕ್ಕೆ ತಂದಳು. ಸೆಳವು ಎಷ್ಟಿತ್ತೆಂದರೆ, ಹಗ್ಗವನ್ನು ಅಲ್ಲಿದ್ದ ಬೇವಿನ ಮರದ ಬುಡಕ್ಕೆ ಬಿಗಿಯದೆ ದೋಣಿ ನಿಲ್ಲುತ್ತಿರಲಿಲ್ಲ. ಕಟ್ಟಿದಳು. ಕಟ್ಟಿದ ಮೇಲೆ ಎದುರಿಗಿದ್ದ ಮುಖಗಳನ್ನು ನೋಡಿದಳು. ಇವತ್ತು ಅವಳು ಹಿಂದೆ ಸರಿಯುವಂತಿರಲಿಲ್ಲ. ಅದು ಅವರಿಗೂ ಕಾಣುತ್ತಿತ್ತು. ನುಗ್ಗಿದರೆ ತಡೆಯುವವರು ಯಾರೂ ಇಲ್ಲ. ನುಗ್ಗಿದರೆ ದೋಣಿಯೂ ಉಳಿಯುವುದಿಲ್ಲ.

ಎಲ್ಲರಿಗಿಂತ ಮುಂದೆ ಗಾಣಿಗನಿದ್ದ. ಅವನ ಹೆಗಲ ಮೇಲೆ ಅವನ ಪುಟ್ಟ ಮಗಳಿದ್ದಳು. ಒಂದು ಹೆಜ್ಜೆ ಹಾರಿದರೆ ದೋಣಿಯಲ್ಲಿರುತ್ತಿದ್ದ. ಅವನ ಪಕ್ಕದಲ್ಲೇ, ಹಿಂದಿನ ದಿನ ಊರಿಗೆ ಬಂದಿದ್ದ ಬೇರೆ ಸೀಮೆಯ ವ್ಯಾಪಾರಿಯೊಬ್ಬನಿದ್ದ. ಅವನು ಮೈ ಬಗ್ಗಿಸಿ ಮುಂದಕ್ಕೆ ನುಗ್ಗಿದ.

ಗಾಣಿಗ ಹಿಂದೆ ಸರಿದ.

ಅವನು ಸರಿಯುತ್ತಲೇ ಅವನ ಹಿಂದಿನವರು ಸರಿದರು. ದಿಬ್ಬದ ಮೇಲಿದ್ದ ಊರಿಗೆ ಊರೇ ಹೆಜ್ಜೆ ಹಿಂದಿಟ್ಟಿತು. ಯಾರೂ ಹೇಳಿರಲಿಲ್ಲ. ಅವರ ಕಾಲುಗಳೇ ಹಾಗೆ ಕಲಿತಿದ್ದವು. ಬಯಲಾದ ಜಾಗದಲ್ಲಿ ವ್ಯಾಪಾರಿ ಒಬ್ಬನೇ ನಿಂತಿದ್ದ. ತಿರುಗಿ ನೋಡಿದ. ಯಾರೂ ಅವನನ್ನು ಬೈಯಲಿಲ್ಲ. ಅವನ ಮುಖ ಕೆಂಪಾಯಿತು. ಅವನೂ ಮೆಲ್ಲಗೆ ಹಿಂದೆ ಹೋಗಿ ಸಾಲಿನಲ್ಲಿ ನಿಂತ.

ದುರುಗವ್ವನ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. “ಮಕ್ಕಳನ್ನು ಕೊಡಿ” ಎಂದಳು. ಕೈಯಿಂದ ಕೈಗೆ ಮಕ್ಕಳು ಬಂದವು. ಬಾಣಂತಿಯರು, ಮುದುಕರು ಬಂದರು. ದೋಣಿ ಹೋಯಿತು, ಬಂತು, ಮತ್ತೆ ಹೋಯಿತು. ಅವಳ ಅಂಗೈ ಸುಲಿದು ಹುಟ್ಟಿಗೆ ರಕ್ತ ಹತ್ತಿತು. ಆಚೆ ಇಳಿದ ಹುಡುಗಿಯರಿಬ್ಬರು ತಾವೂ ಹುಟ್ಟು ಹಿಡಿದು ಅವಳ ಜೊತೆ ಮರಳಿದರು. ದಿಬ್ಬ ಕುಗ್ಗುತ್ತಾ ಬಂತು. ಸಾಲು ಮುರಿಯಲಿಲ್ಲ. ಕೊನೆಯ ದೋಣಿಗೆ ಗೌಡನೂ ಗಾಣಿಗನೂ ಉಳಿದಿದ್ದರು. ಆಗ ನೀರು ಅವರ ಎದೆಯವರೆಗೆ ಬಂದಿತ್ತು. ಅವರು ಗುಡ್ಡ ಹತ್ತಿ ತಿರುಗಿ ನೋಡಿದಾಗ ದಿಬ್ಬ ಇರಲಿಲ್ಲ.

ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ.

ಗುಡ್ಡದ ಮೇಲೆ ಒದ್ದೆಬಟ್ಟೆಯಲ್ಲಿ ಕೂತಿದ್ದ ವ್ಯಾಪಾರಿ ಗೌಡನಿಗೆ ಕೈಮುಗಿದ. “ನಿಮ್ಮವರು ಒರಟರು ಅಂತ ಕೇಳಿದ್ದೆ. ಇಂಥ ಜನರನ್ನು ನಾನು ಎಲ್ಲೂ ಕಂಡಿಲ್ಲ” ಎಂದ.

ಗೌಡ ನೀರಿಳಿಯುತ್ತಿದ್ದ ಮೀಸೆ ತಿರುವಿದ. “ನಮ್ಮ ಊರಿನ ರಕ್ತವೇ ಅಂಥದ್ದು. ತಾತ ಮುತ್ತಾತಂದಿರ ಕಾಲದಿಂದಲೂ ನಾವು ಹೀಗೇ” ಎಂದ. ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ನಂಬಿದ್ದರು.

ಸುಲಿದ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ದುರುಗವ್ವನಿಗೆ ಆ ಮಾತು ಕೇಳಿಸಿತು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಗುರುಗಳು ಕತೆ ಮುಗಿಸಿದರು. ಅಡವಯ್ಯನ ಕಣ್ಣು ಹೊಳೆಯುತ್ತಿತ್ತು. ಕೂತಲ್ಲಿಂದ ಎದ್ದೇಬಿಟ್ಟಿದ್ದ.

“ಗುರುಗಳೇ, ಹಾಗಾದರೆ ನಮ್ಮ ಪಂಕ್ತಿಯ ಜನವೂ ಕಲಿಯುತ್ತಾರೆ. ನಾಳೆಯಿಂದ ನಾನೇ ಕಲಿಸುತ್ತೇನೆ” ಎಂದ.

“ನೀನು ಆಗಲೇ ಕಲಿಸುತ್ತಿದ್ದೀಯ, ಅಡವಯ್ಯ; ಇವತ್ತು ಎಲ್ಲರಿಗಿಂತ ಜೋರಾಗಿ ಕೂಗಿದವನ ಎಲೆಗೆ ಅನ್ನ ಬಿದ್ದದ್ದು ಯಾವಾಗ?” ಎಂದರು ಗುರುಗಳು.

“ಎಲ್ಲರಿಗಿಂತ ಮೊದಲು” ಎಂದು ಅಡವಯ್ಯ ಮತ್ತೆ ಕೂತುಕೊಂಡ.