ಗಂಟಲಿನ ಬೆಳಕು

ಕಪಿಲೆಯ ದಡದಲ್ಲಿ ಒಂದು ಆಶ್ರಮವಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಗುರು ಒಬ್ಬಳು, ಶಿಷ್ಯೆ ಒಬ್ಬಳು.

ಗುರುವಿನ ಹೆಸರು ಹೊನ್ನವ್ವ. ಎಲ್ಲರೂ ಅವ್ವ ಎನ್ನುತ್ತಿದ್ದರು. ಶಿಷ್ಯೆ ದಾಕ್ಷಾಯಿಣಿ. ಮೂವತ್ತೊಂದು ವರ್ಷದವಳು. ಹನ್ನೊಂದು ವರ್ಷದಿಂದ ಶಿವನ ಹೆಸರು ಜಪಿಸುತ್ತಿದ್ದಳು. ಹಾಲು ಉಕ್ಕುವುದನ್ನು ಕಾಯುವಾಗಲೂ ಅವಳ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿತ್ತು. ಆದರೂ ಹಾಲು ಉಕ್ಕುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳ ಕುತ್ತಿಗೆಯಲ್ಲಿ ಗಂಟು ಎದ್ದಿತು. ನೋವಿರಲಿಲ್ಲ. ಪಟ್ಟಣದ ಡಾಕ್ಟರಮ್ಮ ಅದರ ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಿ, ಇದು ಲಿಂಫೋಮ, ಕ್ಯಾನ್ಸರಿನ ಒಂದು ಬಗೆ ಎಂದರು. ಆಮೇಲೆ ಇಡೀ ಮೈಯ ಸ್ಕ್ಯಾನ್ ಮಾಡಿಸಿದರು.

ಆ ಚಿತ್ರವನ್ನು ದಾಕ್ಷಾಯಿಣಿ ನೋಡಿದಳು. ಕಪ್ಪಿನ ನಡುವೆ ಬೂದಿ ಬಣ್ಣದ ಮೈ. ಕುತ್ತಿಗೆಯಲ್ಲಿ, ಎದೆಯಲ್ಲಿ, ಕಂಕುಳಲ್ಲಿ ಹಳದಿ ಬೆಳಕು. ಕತ್ತಲಾದ ಮೇಲೆ ಬೆಟ್ಟದಿಂದ ಕೆಳಗಿನ ಊರನ್ನು ನೋಡಿದ ಹಾಗಿತ್ತು. ಚೆಂದವಾಗಿತ್ತು. ಚೆಂದ ಎನಿಸಿದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಸ್ಕ್ಯಾನಿಗೆ ಮುಂಚೆ ಸೂಜಿಯಲ್ಲಿ ಕೊಡುವುದು ಒಂದು ಥರದ ಸಕ್ಕರೆ. ಯಂತ್ರದ ಕಣ್ಣಿಗೆ ಮಾತ್ರ ಕಾಣುವ ಗುರುತು ಅದಕ್ಕಿರುತ್ತದೆ. ಮೈಯಲ್ಲಿ ಯಾವುದಕ್ಕೆ ಹಸಿವು ಹೆಚ್ಚೋ ಅದು ಆ ಸಕ್ಕರೆಯನ್ನು ಎಳೆದುಕೊಂಡು ಬೆಳಗುತ್ತದೆ. ಈ ಕಾಯಿಲೆಗೆ ಹಸಿವು ಬಹಳ. ಎರಡು ಸುತ್ತು ಕೀಮೋ ಕೊಟ್ಟು ಮತ್ತೆ ನೋಡೋಣ. ಬೆಳಕು ಆರಿದ್ದರೆ ಇದೇ ಮದ್ದು. ಆರದಿದ್ದರೆ ಇದಕ್ಕಿಂತ ಕಠಿಣವಾದದ್ದು. ಅದನ್ನು ಎಲ್ಲರ ಮೈ ತಡೆಯುವುದಿಲ್ಲ.

ಎರಡು ಸುತ್ತು ಮುಗಿದವು. ದಾಕ್ಷಾಯಿಣಿಯ ಕೂದಲೆಲ್ಲ ಹೋಯಿತು.

"ಇನ್ನು ಬಂದೋರಿಗೆ ಗುರು ಯಾರು ಅಂತ ಗೊತ್ತಾಗಲ್ಲ. ನಿನ್ನ ಕಾಲಿಗೇ ಬೀಳ್ತಾರೆ," ಎಂದಳು ಅವ್ವ, ತನ್ನ ಬೋಳು ತಲೆ ಸವರಿಕೊಂಡು.

ಎರಡನೇ ಸ್ಕ್ಯಾನಿನ ಹಿಂದಿನ ದಿನ ಇಬ್ಬರೂ ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಆಚೆ ದಡ ಮಂಜಿನಲ್ಲಿ ಇತ್ತೋ ಇಲ್ಲವೋ ಎಂಬಂತಿತ್ತು.

"ಅವ್ವಾ, ಬೆಳಕು ಉಳಿದಿದ್ರೆ?"

"ಉಳಿದಿದ್ರೆ ಕಾಣುತ್ತೆ."

"ಕಾಣದೇ ಇರ್ಲಿ ಅಂತ ಏನು ಮಾಡ್ಲಿ?"

"ಬೆಳಗ್ಗೆಯಿಂದ ಏನೂ ತಿನ್ನಬೇಡ ಅಂದಿದ್ದಾರೆ. ಸೂಜಿ ಚುಚ್ಚಿದ ಮೇಲೆ ಒಂದು ಗಂಟೆ ಮಾತಾಡದೆ, ಅಲುಗಾಡದೆ ಮಲಗು ಅಂದಿದ್ದಾರೆ. ಅಷ್ಟು ಮಾಡು."

"ಅಷ್ಟೇನಾ?"

"ಅಷ್ಟು ಮಾಡಿದೋರನ್ನ ನಾನು ಇನ್ನೂ ನೋಡಿಲ್ಲ."

ಮರುದಿನ ನರ್ಸು ಅವಳ ಎಡಗೈಗೆ ಸೂಜಿ ಚುಚ್ಚಿದಳು. ಬೆಚ್ಚಗೆ ಹೊದಿಸಿದಳು. ಗಂಟಲು, ಕೈಕಾಲು ಎಲ್ಲಕ್ಕೂ ವಿಶ್ರಾಂತಿ ಇರಲಿ, ಮಾತು ಬೇಡ ಎಂದು ಇನ್ನೊಮ್ಮೆ ಹೇಳಿ, ದೀಪ ಮಂದ ಮಾಡಿ ಬಾಗಿಲೆಳೆದುಕೊಂಡು ಹೋದಳು.

ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಗಳೂ ಇರಲಿಲ್ಲ. ಮಂಚ ಹರಿಗೋಲಿನ ಹಾಗೆ ನಿಧಾನವಾಗಿ ತಿರುಗಿತು. ನೀರಿನ ಸದ್ದೂ ಕೇಳಿದಂತಾಯಿತು. ಅದು ಅವಳದೇ ರಕ್ತದ ಸದ್ದು.

ಸಕ್ಕರೆ ಅವಳೊಳಗೆ ನಡೆಯತೊಡಗಿತ್ತು. ಹೆಜ್ಜೆಯ ಸಪ್ಪಳವಿಲ್ಲ. ಬಾಗಿಲು ಬಾಗಿಲಿಗೂ ನಿಂತು, ಹಸಿದವರು ಇದ್ದೀರಾ ಎಂದು ಕೇಳುತ್ತಿತ್ತು. ತೋಳಿನಲ್ಲಿ ಕೇಳಿತು. ಭುಜ ದಾಟಿತು. ಕುತ್ತಿಗೆಯ ಬಾಗಿಲಿಗೆ ಬಂದು ನಿಂತಿತು.

ಯಾರೂ ಓಗೊಡಬೇಡಿ ಎಂದು ದಾಕ್ಷಾಯಿಣಿ ಬೇಡಿಕೊಂಡಳು.

ಸಕ್ಕರೆ ಅಲ್ಲೇ ನಿಂತಿತ್ತು. ಹೋಗಲೇ ಇಲ್ಲ.

ಆಗ ಅವಳ ತುಟಿ ಅಲ್ಲಾಡತೊಡಗಿತು.

ಒಂದು ಗಂಟೆಯ ಮೇಲೆ ನರ್ಸು ಬಂದು, ಮಾತಾಡಿದಿರಾ ಎಂದು ಕೇಳಿದಳು. ದಾಕ್ಷಾಯಿಣಿ ಒಂದು ಮಾತೂ ಇಲ್ಲ ಎಂದಳು. ಅವಳ ಲೆಕ್ಕದಲ್ಲಿ ಅದು ಸುಳ್ಳಾಗಿರಲಿಲ್ಲ. ಜಪವನ್ನು ಮಾತು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಮೂರನೇ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಎರಡು ಚಿತ್ರಗಳನ್ನು ಪಕ್ಕ ಪಕ್ಕ ತೋರಿಸಿದರು. ಹೊಸದರಲ್ಲಿ ಕಂಕುಳು ಕಪ್ಪಗಿತ್ತು. ಕುತ್ತಿಗೆಯ ಗಂಟುಗಳೂ ಆರಿದ್ದವು. ಎದೆಯ ಗಂಟು ಪೂರ್ತಿ ಕರಗಿರಲಿಲ್ಲ, ಅರ್ಧದಷ್ಟು ಉಳಿದಿತ್ತು. ಆದರೆ ಅದರಲ್ಲಿ ಬೆಳಕಿರಲಿಲ್ಲ. ಬೆಂಕಿ ಆರಿದ ಮೇಲೂ ಒಲೆ ಇರುತ್ತದಲ್ಲ, ಹಾಗೆ ಅಂದುಕೊಳ್ಳಿ ಎಂದರು.

ಅಷ್ಟು ಹೇಳಿದ ಡಾಕ್ಟರಮ್ಮ ನಗಲಿಲ್ಲ. ಅವರ ಪೆನ್ನು ಚಿತ್ರದ ಗಂಟಲಿನ ಹತ್ತಿರ ನಿಂತಿತು.

"ಇದು ಹೋದ ಸಲ ಇರಲಿಲ್ಲ."

ಅಲ್ಲಿ ಬೆಳಕಿತ್ತು. ನಾಲಿಗೆಯ ಬುಡದಲ್ಲೂ ಇತ್ತು. ಬಲಗೈಯ ಮೊಣಕೈ ಕೆಳಗೆ ಉದ್ದಕ್ಕೆ ಒಂದು ಗೆರೆಯಾಗಿ ಇತ್ತು. ಹಳೆಯವು ಆರುವಾಗ ಹೊಸದು ಹೊತ್ತಿಕೊಂಡರೆ ಅದು ಒಳ್ಳೆಯ ಸುದ್ದಿಯಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಮಾತಾಡಿದ್ದಿರಾ ಎಂದು ಕೇಳಿದರು. ದಾಕ್ಷಾಯಿಣಿ ಇಲ್ಲ ಎಂದಳು. ಹಾಗಾದರೆ ಗಂಟಲಿನಿಂದ ಚೂರು ತೆಗೆದು ನೋಡಬೇಕಾಗಬಹುದು, ಗುರುವಾರದ ಕೀಮೋ ಸದ್ಯಕ್ಕೆ ಬೇಡ, ಮದ್ದು ಬದಲಿಸುವ ಬಗ್ಗೆ ಯೋಚಿಸಬೇಕು ಎಂದರು.

ದಾಕ್ಷಾಯಿಣಿ ತಲೆ ತಗ್ಗಿಸಿ ಕೂತಳು.

ಅವ್ವ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶಿಷ್ಯೆಯನ್ನು ನೋಡಿದಳು. ಆಮೇಲೆ ಅವಳ ಮಡಿಲಿನಿಂದ ಬಲಗೈಯನ್ನು ಎತ್ತಿ, ಅಂಗೈ ಮೇಲಾಗಿ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟಳು.

ಹೆಬ್ಬೆರಳು ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿಗೆ ಹೋಗುತ್ತಿತ್ತು.

ಡಾಕ್ಟರಮ್ಮ ಬೆರಳನ್ನು ನೋಡಿದರು. ತಲೆಯೆತ್ತಿ ತುಟಿಯನ್ನು ನೋಡಿದರು. ಅದೂ ಅಲ್ಲಾಡುತ್ತಿತ್ತು.

"ಆ ಒಂದು ಗಂಟೆಯೂ ಹೀಗೇನಾ?"

"ಜಪ ಮಾಡ್ದೆ ಡಾಕ್ಟ್ರೇ. ಮಾತಾಡ್ಲಿಲ್ಲ."

"ನಮ್ಮ ನರ್ಸಿಗೆ ಹೇಳ್ತೀನಿ, ಇನ್ನು ಮುಂದೆ ಎರಡನ್ನೂ ಬೇರೆ ಬೇರೆ ಕೇಳಮ್ಮ ಅಂತ," ಎಂದರು ಡಾಕ್ಟರಮ್ಮ. ಅವರ ಮುಖ ಸಡಿಲವಾಗಿತ್ತು. ದುಡಿಯುವ ಸ್ನಾಯುವಿಗೂ ಹಸಿವಾಗುತ್ತದೆ, ಅದೂ ಸಕ್ಕರೆ ಎಳೆದುಕೊಳ್ಳುತ್ತದೆ ಎಂದು ವಿವರಿಸಿದರು. ಆದರೂ ಊಹೆಯ ಮೇಲೆ ಬಿಡಲಿಲ್ಲ. ಅದೇ ಕಟ್ಟಡದಲ್ಲಿ ಗಂಟಲಿನ ಡಾಕ್ಟರ ಹತ್ತಿರ ಕಳಿಸಿದರು. ಅವರು ಸಣ್ಣ ಕೊಳವೆ ಇಳಿಸಿ ನೋಡಿದರು. ಗಂಟಲು ಶುಭ್ರವಾಗಿತ್ತು.

ಮದ್ದು ಕೆಲಸ ಮಾಡುತ್ತಿತ್ತು. ಗುರುವಾರ ಅದೇ ಮದ್ದು ಎಂದು ತೀರ್ಮಾನವಾಯಿತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ದಾಕ್ಷಾಯಿಣಿ ಅಳುತ್ತಿದ್ದಳು. ಅವ್ವ ಕಡಲೇಕಾಯಿ ಸುಲಿದು ತಿನ್ನುತ್ತಿದ್ದಳು. ಆಶ್ರಮಕ್ಕೆ ಬಂದು ಮೆಟ್ಟಿಲ ಮೇಲೆ ಕೂತಾಗ ಸಂಜೆಯಾಗಿತ್ತು. ನೀರು, ಆಕಾಶ ಎರಡೂ ಒಂದೇ ಬಣ್ಣ.

"ಖುಷಿಗೆ ಇಷ್ಟು ಹೊತ್ತು ಯಾರೂ ಅಳಲ್ಲ. ಏನು ಹೇಳು," ಎಂದಳು ಅವ್ವ.

"ಹನ್ನೊಂದು ವರ್ಷದ ಜಪ ಅವ್ವಾ. ಚಿತ್ರದಲ್ಲಿ ಅದೂ ಕಾಯಿಲೆ ಥರಾನೇ ಕಾಣಿಸ್ತು."

"ಯಂತ್ರಕ್ಕೆ ಕಾಯಿಲೆ ಗೊತ್ತಿಲ್ಲ, ಶಿವನೂ ಗೊತ್ತಿಲ್ಲ. ಯಾರು ಹಸಿದಿದ್ದಾರೆ ಅನ್ನೋದಷ್ಟೇ ಗೊತ್ತು."

"ಜಪಕ್ಕೂ ಹಸಿವಾ?"

"ನನ್ನ ಕೇಳ್ತೀಯಲ್ಲ. ಅಲ್ಲಿ ಮಲಗಿದ್ದೋಳು ನೀನು."

ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀರಿನ ಮೇಲೆ ಒಂದು ಬೆಳ್ಳಕ್ಕಿ ತನ್ನ ನೆರಳನ್ನು ಮುಟ್ಟದೆ ದಾಟಿಹೋಯಿತು.

"ಮೊದಲು ಅವನ ಹೆಸರೇ ಹೇಳ್ತಿದ್ದೆ," ಎಂದಳು ಕೊನೆಗೆ. "ಆಮೇಲೆ ಅದು ಎಲ್ಲಿ ಬಿದ್ದುಹೋಯ್ತೋ. ಆರಲಿ, ಆರಲಿ, ಆರಲಿ ಅಂತಿದ್ದೆ. ಎಣಿಸ್ತಾನೂ ಇದ್ದೆ."

ಅವ್ವ ಬೈಯುತ್ತಾಳೆ ಎಂದು ಕಾದಳು. ಅವ್ವ ಬೈಯಲಿಲ್ಲ.

"ನಿಲ್ಲಿಸಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತು. ಆದರೆ ನಾನು ನಿಲ್ಲಿಸಿಬಿಟ್ರೆ ಎಲ್ಲಾನೂ ಕೆಟ್ಟುಹೋಗುತ್ತೆ ಅಂತ ಭಯ. ಮದ್ದು, ಡಾಕ್ಟ್ರು, ಶಿವ, ಎಲ್ಲಾ."

"ಪಾಪ, ಅವರನ್ನೆಲ್ಲ ನೀನೊಬ್ಬಳೇ ಹೊತ್ತುಕೊಂಡಿದ್ದೆ."

ದಾಕ್ಷಾಯಿಣಿಗೆ ಅಳುವಿನ ನಡುವೆಯೇ ನಗು ಬಂತು.

ಅವ್ವ ಅವಳ ಬಲಗೈ ತೆಗೆದುಕೊಂಡಳು. ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದಳು. ಅದು ಸ್ವಲ್ಪ ಹೊತ್ತು ಮಿಸುಕಾಡಿತು. ಇನ್ನೂ ಸ್ವಲ್ಪ ಹೊತ್ತು ಮಿಸುಕಾಡಿತು. ಮಂಜು ಒಂದೊಂದೇ ಮೆಟ್ಟಿಲು ಹತ್ತಿ ಅವರ ಪಾದದವರೆಗೆ ಬಂತು. ಅಷ್ಟು ಹೊತ್ತಿಗೆ ಬೆರಳು ಸುಮ್ಮನಾಗಿತ್ತು. ತುಟಿ ಯಾವಾಗ ನಿಂತಿತೋ ಇಬ್ಬರೂ ಗಮನಿಸಲಿಲ್ಲ.

"ಅವ್ವಾ."

"ಹೂಂ."

"ಇನ್ನೂ ನಾಲ್ಕು ಸುತ್ತು ಇದೆ. ಅದಾದ ಮೇಲೆ ಮತ್ತೆ ಸ್ಕ್ಯಾನು. ಜಪಾನೂ ಮಾಡಬಾರದು ಅಂದ್ರೆ ಆ ಒಂದು ಗಂಟೆ ನಾನೇನು ಮಾಡ್ಲಿ?"

"ಸಕ್ಕರೆಗೆ ದಾರಿ ಗೊತ್ತು," ಎಂದಳು ಅವ್ವ. "ನೀನು ಮಲಗು."