ಕರೆದಾಗ ಮಾತ್ರ

ಬಿದಿರುಗೆರೆ ಪಾಳೆಯದ ಆಸ್ಥಾನದಲ್ಲಿ ಜಾಣ ಅಂತ ಇದ್ದವನು ನಾನೊಬ್ಬನೇ. ಹಾಗಂತ ಊರಿಗೆಲ್ಲ ಹೇಳಿಕೊಂಡು ಬಂದವನೂ ನಾನೇ. ನನ್ನ ಹೆಸರು ಮೈಲಾರಯ್ಯ. ದೊರೆ ಗಂಗಪ್ಪನಾಯಕರನ್ನು ನಗಿಸುವುದು ನನ್ನ ಉದ್ಯೋಗ.

ಪಾಳೆಯ ಅಂದರೆ ದೊಡ್ಡದೇನಲ್ಲ. ಹನ್ನೆರಡು ಹಳ್ಳಿ, ಒಂದು ಮುದಿ ಆನೆ, ಅರಮನೆಯಲ್ಲಿ ಉಣ್ಣುವವರು ನಲವತ್ತು ಜನ. ಒಂದು ದಿನ ದೊರೆ ಕಣಜದೊಳಗೆ ಇಣುಕಿ ನೋಡಿ ಬಂದು ತಲೆಯ ಮೇಲೆ ಕೈಹೊತ್ತು ಕೂತರು.

"ಬತ್ತ ತಳ ಕಂಡಿದೆ. ಅರ್ಧ ಜನರನ್ನು ಬಿಡಿಸೋಣ ಎಂದರೆ ಶಾಪ ಹಾಕುತ್ತಾರೆ. ಒಬ್ಬರನ್ನೂ ಬಿಡಿಸಬಾರದು, ಖರ್ಚು ಅರ್ಧವಾಗಬೇಕು. ಆಗುತ್ತದೇನಯ್ಯ?"

ನಾನು ಸುಮ್ಮನಿರಬಹುದಿತ್ತು. ನನ್ನ ಬಾಯಿ ಹಾಗಲ್ಲ.

"ಅಷ್ಟೇನಾ ಬುದ್ಧಿ? ಎಲ್ಲರ ಹೆಸರೂ ಪಟ್ಟಿಯಲ್ಲೇ ಇರಲಿ. ಕೆಲಸ ಇದ್ದಾಗ ಕರೆಯಿರಿ, ಮಾಡಿದಷ್ಟು ಗಳಿಗೆಗೆ ಬತ್ತ ಅಳೆಯಿರಿ. ಕರೆಯದ ದಿನ ಅವರ ಪಾಡಿಗೆ ಅವರು. ಕರೆದಾಗ ಬಾರದಿದ್ದರೆ ಮಾತ್ರ ಹೆಸರು ಹೊಡೆದುಹಾಕಿ."

ದೊರೆ ಎದ್ದು ನನ್ನನ್ನು ಅಪ್ಪಿಕೊಂಡರು. "ಭಲೆ! ಈ ಕ್ಷಣದಿಂದಲೇ ಜಾರಿ. ಮೊದಲು ನಿನ್ನಿಂದಲೇ ಶುರು. ನನಗೀಗ ನಗು ಬರುತ್ತಿಲ್ಲ. ಬಂದಾಗ ಕರೆಯುತ್ತೇನೆ, ಮನೆಗೆ ಹೋಗು."

ಹೋದೆ. ಅಡುಗೆ ತಿಮ್ಮಣ್ಣ ಮಾತ್ರ ನನ್ನ ಕರಾರನ್ನು ಹಾಡಿ ಹೊಗಳಿದ. ಅರಮನೆಯಲ್ಲಿ ಔತಣವಿಲ್ಲದ ದಿನ ಅವನು ಹಳ್ಳಿ ಹಳ್ಳಿಯ ಮದುವೆಗೆ ಹೋಗಿ ಹೋಳಿಗೆ ತಟ್ಟಿ ಮೊದಲಿಗಿಂತ ದಪ್ಪಗಾದ. ಹೂಕಟ್ಟುವ ಲಿಂಗಮ್ಮನಿಗೂ ಮೂರು ಗುಡಿಯ ಹೂವು ಸಿಕ್ಕಿತು. ಕಣಜವೂ ತುಂಬತೊಡಗಿತು. ನನ್ನನ್ನು ಮಾತ್ರ ಯಾರೂ ಕರೆಯಲಿಲ್ಲ. ಬೇರೆ ಊರಿಗೆ ಹೋಗೋಣವೆಂದರೆ, ಅಷ್ಟರಲ್ಲೇ ದೊರೆಗೆ ನಗಬೇಕೆನಿಸಿದರೆ? ಜಗುಲಿಯ ಮೇಲೆ ಕೂತು ಅರಮನೆಯ ಬಾಗಿಲನ್ನೇ ನೋಡುತ್ತಿದ್ದೆ.

"ಯಾವ ಮಹಾನುಭಾವ ಹೇಳಿಕೊಟ್ಟನೋ ಈ ಕರಾರನ್ನ" ಎಂದು ನನ್ನ ಹೆಂಡತಿ ಸಾತವ್ವ ದಿನಕ್ಕೆರಡು ಸಲ ಕೇಳುತ್ತಿದ್ದಳು. ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಮುದ್ದಯ್ಯ ಬಂದ. ಅರಮನೆಯ ಗಳಿಗೆ ಬಟ್ಟಲು ನೋಡುವವನು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಡುವುದು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಆಗ ಜಾಗಟೆ ಬಾರಿಸಿ ಮತ್ತೆ ತೇಲಿಬಿಡುವುದು. ಅವನ ಅಪ್ಪನೂ ಅದನ್ನೇ ಮಾಡಿದ್ದ.

"ಹೊತ್ತು ತಿಳೀಬೇಕಾದಾಗ ಕರೀತೀನಿ ಅಂತ ದೊರೆಗಳು ಕಳಿಸಿಬಿಟ್ರು ಸ್ವಾಮಿ" ಎಂದ. "ಜಾಗಟೆ ಇಲ್ಲದಿದ್ರೆ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತಂತೆ. ಕೂತು ಕಾಯೋದೇ ನನ್ನ ಕೆಲಸ. ಅದನ್ನ ಕೆಲಸ ಅಲ್ಲ ಅಂದ್ರೆ ನನ್ನ ಮಕ್ಕಳು ಏನು ಉಣ್ಣಬೇಕು?"

ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು. ಎರಡು ದಿನ ಯೋಚಿಸಿದೆ. ಬರುವ ವಾರ ದೊರೆಯ ಮಗಳು ಹೊನ್ನಾಜಿಯ ಮದುವೆ. ಸೂರ್ಯ ಹುಟ್ಟಿದ ಮೇಲೆ ಸರಿಯಾಗಿ ಏಳನೆಯ ಗಳಿಗೆ ತುಂಬಿದಾಗ ಧಾರೆ. ಮುದ್ದಯ್ಯನ ಕಿವಿಯಲ್ಲಿ ಒಂದು ಉಪಾಯ ಹೇಳಿ ಕಳಿಸಿದೆ.

ಸಾತವ್ವನಿಗೂ ಹೆಮ್ಮೆಯಿಂದ ಹೇಳಿದೆ. ಅವಳು ಕೇಳಿದಳು: "ಮುಹೂರ್ತ ತಪ್ಪಿ ಗಂಡಿನವರು ಎದ್ದು ಹೋದರೆ? ನಾನು ಎತ್ತಿ ಆಡಿಸಿದ ಹುಡುಗಿ ಅದು."

ಅಷ್ಟು ದೂರ ನಾನು ಯೋಚಿಸಿರಲಿಲ್ಲ.

ಮದುವೆಯ ಬೆಳಗ್ಗೆ ಸೂರ್ಯ ಒಮ್ಮೆ ಮುಖ ತೋರಿಸಿ ಮಾಘದ ಮಂಜಿನೊಳಗೆ ಹೊಕ್ಕುಬಿಟ್ಟ. ಮದುವೆಯಾದ್ದರಿಂದ ಪಟ್ಟಿಯಲ್ಲಿದ್ದವರಿಗೆಲ್ಲ ಕರೆ ಬಂತು, ನನಗೂ ಬಂತು. ಚಪ್ಪರದಲ್ಲಿ ಪುರೋಹಿತರು ಕೇಳಿದರು: "ಎಷ್ಟು ಗಳಿಗೆಯಾಯಿತು?"

"ಎಲ್ಲಿ, ಮುದ್ದಯ್ಯನನ್ನು ಕರೆಯಿರಿ" ಎಂದರು ದೊರೆ. ಅವನೊಬ್ಬನನ್ನು ಕರೆಯುವುದು ಮಾತ್ರ ಯಾರ ನೆನಪಿಗೂ ಬಂದಿರಲಿಲ್ಲ.

ಮುದ್ದಯ್ಯ ಓಡಿ ಬಂದ, ಕೊಪ್ಪರಿಗೆಗೆ ನೀರು ತುಂಬಿದ, ಬಟ್ಟಲು ತೇಲಿಬಿಟ್ಟು ಕೈಕಟ್ಟಿ ನಿಂತ.

"ಎಷ್ಟಾಯಿತೋ?"

"ಈಗ ತಾನೆ ಶುರುವಾಯ್ತು ಬುದ್ಧಿ."

"ಸೂರ್ಯ ಹುಟ್ಟಿದಾಗ ಯಾಕೆ ಬರಲಿಲ್ಲ?"

"ನೀವು ಕರೀಲಿಲ್ಲ ಬುದ್ಧಿ."

"ಕರೆಯುವ ಹೊತ್ತಾಯಿತು ಅಂತ ನನಗಾದರೂ ಯಾಕೆ ಯಾರೂ ಹೇಳಲಿಲ್ಲ?"

ಅದು ನನ್ನ ಸರದಿ. "ಹೊತ್ತಾಯಿತೆಂದು ಹೇಳುವವನನ್ನೇ ತಾವು ಮನೆಗೆ ಕಳಿಸಿದ್ದಿರಿ" ಎಂದೆ.

ನಗು ಬರುತ್ತದೆಂದು ಕಾದೆ. ಬೀಗರು ಎದ್ದು ನಿಂತರು. ಹಸೆಯ ಮೇಲೆ ಹೊನ್ನಾಜಿ ಅಳತೊಡಗಿದಳು. ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಮುಂದೇನು ಹೇಳಬೇಕೆಂದು ನನ್ನ ಉಪಾಯದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಸಾತವ್ವ ಓಡಿ ಬಂದು ಮಡಿಲಿನಿಂದ ಆರು ಹರಳು ನೆಲಕ್ಕೆ ಸುರಿದಳು.

"ಆರು ಗಳಿಗೆ ತುಂಬಿತು ಬುದ್ಧಿ, ಈಗಷ್ಟೆ. ಮುದ್ದಯ್ಯಾ, ಬಟ್ಟಲು ಖಾಲಿಮಾಡಿ ಮತ್ತೆ ಬಿಡು. ಅದು ಮುಳುಗಿದಾಗ ಧಾರೆ."

ನಮ್ಮ ಹಿತ್ತಿಲು ಅರಮನೆಯ ಗೋಡೆಗೇ ಅಂಟಿಕೊಂಡಿದೆ. ಮುದ್ದಯ್ಯನಿಂದ ಅಳತೆಗೆ ಸರಿಯಾಗಿ ತೂತು ಕೊರೆಸಿಕೊಂಡ ಕರಟವನ್ನು ಹಂಡೆಯಲ್ಲಿ ತೇಲಿಬಿಟ್ಟು, ಅದು ಮುಳುಗಿದಾಗಲೆಲ್ಲ ಒಂದು ಹರಳು ಮಡಿಲಿಗೆ ಹಾಕಿಕೊಳ್ಳುತ್ತ, ಸೂರ್ಯ ಕಂಡಾಗಿನಿಂದ ಅವಳು ಕದಲದೆ ಕೂತಿದ್ದಳಂತೆ. ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಊರಿಗೆಲ್ಲ ಹೇಳಿಬಿಡುತ್ತಿದ್ದೆನಂತೆ.

ಬಟ್ಟಲು ಮುಳುಗಿತು, ಧಾರೆಯಾಯಿತು. ದೊರೆ ಕಣ್ಣೊರೆಸಿಕೊಂಡು ಕೇಳಿದರು: "ತಾಯಿ, ನಿನಗೇನು ಕೊಡಲಿ?"

"ನನಗೇನೂ ಸಲ್ಲೋದಿಲ್ಲ ಬುದ್ಧಿ. ನನ್ನನ್ನ ಯಾರೂ ಕರೀಲಿಲ್ಲ. ಬೆಳಗ್ಗಿನಿಂದ ಸುಮ್ಮನೆ ಕಾದೆ ಅಷ್ಟೆ. ಕಾದದ್ದಕ್ಕೆ ತಮ್ಮ ಕರಾರಿನಲ್ಲಿ ಒಂದು ಕಾಳೂ ಇಲ್ಲವಲ್ಲ?"

ದೊರೆ ನಕ್ಕರು. ಹತ್ತು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ.

ಅಂದೇ ಅಪ್ಪಣೆಯಾಯಿತು. ತಿಮ್ಮಣ್ಣ, ಲಿಂಗಮ್ಮನಂತೆ ಹೊರಗೆ ದುಡಿಯಲು ಇಷ್ಟವಿರುವವರು ಹಾಗೇ ಇರಲಿ. ಅವರು ಬರಲಾಗದ ದಿನ ಹೆಸರು ಹೊಡೆಯಬಾರದು. ಕಾದಿರು ಎಂದು ಕೂರಿಸಿದವರಿಗೆ ಕಾದದ್ದಕ್ಕೂ ಬತ್ತ. ಮುದ್ದಯ್ಯನಿಗೆ ಹಿಂದಿನ ದಿನಗಳದ್ದೂ ಸೇರಿಸಿ ಅಳೆದರು. ಸಂಜೆ ಮತ್ತೆ ಜಾಗಟೆ ಕೇಳಿಸಿತು.

"ನನ್ನ ಗತಿ, ಬುದ್ಧಿ?" ಎಂದೆ.

"ಆಸ್ಥಾನದ ಜಾಣರ ಜಾಗಕ್ಕೆ ನಾಳೆಯಿಂದ ಸಾತವ್ವ ಬರುತ್ತಾಳೆ. ನಿನ್ನನ್ನು ಏನು ಮಾಡಬೇಕೆಂದು ಅವಳನ್ನೇ ಕೇಳು."

ಕೇಳಿದೆ.

"ಪಟ್ಟಿಯಲ್ಲಿರಿ" ಎಂದಳು. "ಪಾತ್ರೆ ತೊಳೆಯೋದು ಇದ್ದಾಗ ಕರೀತೀನಿ."