ಧಣಿಯ ಬೆರಳಿನ ಅಳತೆ

ಅಕ್ಕಿ ಗಿರಣಿ ಧಣಿ ಮುರುಗೇಂದ್ರಪ್ಪನವರಿಗೆ ತಮ್ಮ ಹಳೇ ಕಾರಿನ ಮೇಲೆ ಎಂಥ ಮೋಹ ಅಂತೀರಿ! ಬಾನೆಟ್ ಎತ್ತಿದರೆ ಪ್ಲಗ್ಗಿನ ವೈರುಗಳು ಎಣ್ಣೆ ಹಚ್ಚಿ ಬಾಚಿದ ಕ್ರಾಪಿನಂತೆ ಸಾಲಾಗಿ ಮಲಗಿರಬೇಕು. ಧಣಿ ಹಟ ಹಿಡಿದು ಮಲಗಿಸಿದ್ದೆಲ್ಲಿ? ಹೊಗೆ ಕೊಳವೆಯ ಮಗ್ಗುಲಲ್ಲೇ! ಕೊಳವೆ ಕಾದ ಹಂಚಿನಂತಾಗಿ, ವೈರು ಕರಗಿ, ಕಾರು ಕೆಮ್ಮಿ ನಿಲ್ಲುತ್ತಿತ್ತು.

“ಮೂರನೇ ಸಲ ಸುಟ್ಟೆಯಲ್ಲೋ ಬಾಬಣ್ಣ! ನಾಳೆ ಹಳೇ ಕಾರುಗಳ ಮೆರವಣಿಗೆ. ವೈರು ಇದ್ದಲ್ಲೇ ಇರಬೇಕು, ಸುಡಲೂಬಾರದು. ಕಾರು ನಿಂತರೆ ನಿನ್ನ ಡ್ರೈವರ್ ಕೆಲಸವೂ ನಿಂತಿತು!”

ಬಾಬಣ್ಣ ಹನ್ನೆರಡು ವರ್ಷ ಆ ಸ್ಟೀರಿಂಗ್ ಹಿಡಿದವನು. ವಾದಕ್ಕೆ ಧಣಿ ಬಗ್ಗುವವರಲ್ಲ ಅಂತ ಬಲ್ಲ. ಕೈ ಮುಗಿದ.

“ನನ್ನ ಕಣ್ಣಳತೆ ಸರಿಯಿಲ್ಲ ಧಣಿ. ಹೊಸ ವೈರು ಎಲ್ಲಿರಬೇಕೋ ಅಲ್ಲಿ ನೀವೇ ಬೆರಳು ಹಿಡೀರಿ. ಎಂಜಿನ್ ಓಡ್ತಿರಲಿ, ನಾನು ಗುರುತು ಹಾಕ್ಕೋತೀನಿ.”

ಧಣಿ ಠೀವಿಯಿಂದ ಕೊಳವೆಯ ಪಕ್ಕ ಬೆರಳು ಚಾಚಿದರು. ಬಾಬಣ್ಣ ಎಂಜಿನ್ ಶುರುಮಾಡಿ ಸೀಮೆಸುಣ್ಣ ಹುಡುಕತೊಡಗಿದ. ಹುಡುಕಿದ, ಹುಡುಕಿದ, ಹುಡುಕುತ್ತಲೇ ಇದ್ದ. ಬೆರಳು ಒಂದಂಗುಲ ಹಿಂದೆ ಸರಿಯಿತು. ಆಮೇಲೆ ಎರಡಂಗುಲ.

“ಸಿಕ್ತೇನೋ?”

“ಬಂದೆ ಧಣಿ!”

ಗೇಣು ದೂರ ಹೋದ ಮೇಲೆ ಬೆರಳು ನೆಮ್ಮದಿಯಾಗಿ ನಿಂತಿತು. ಸೀಮೆಸುಣ್ಣವೂ ಆಗಲೇ ಸಿಕ್ಕಿತು.

“ಇಲ್ಲೇ ಅಲ್ವಾ ಧಣಿ?”

ಧಣಿ ಒಮ್ಮೆ ಕೆಂಪಾದ ಬೆರಳನ್ನು ನೋಡಿದರು, ಒಮ್ಮೆ ಬಾಬಣ್ಣನನ್ನು. ಮೀಸೆಯಡಿ ನಗು ಜಾರಿತು. “ಮತ್ತೆ? ನಾನು ಮೊದಲಿಂದ ಹೇಳ್ತಿರೋದೇ ಅಲ್ಲಿ! ಕಟ್ಟು.”

ಮರುದಿನ ಕಾರು ಒಮ್ಮೆಯೂ ಕೆಮ್ಮದೆ ಊರು ಸುತ್ತಿತು. ಧಣಿ ಬಾನೆಟ್ ಎತ್ತಿ ಕಂಡಕಂಡವರಿಗೆ ಪಾಠ ಹೇಳುತ್ತಿದ್ದರು: “ಬೆರಳು ತಾಳದ ಕಡೆ ವೈರು ಕಟ್ಟಬಾರದು ಕಣ್ರೀ. ಬಾಬಣ್ಣನಿಗೆ ನಾನೇ ಕಲಿಸಿದ್ದು!”

ಪಕ್ಕದಲ್ಲಿ ಬಾಬಣ್ಣ ಒಳ್ಳೆಯ ಶಿಷ್ಯನಂತೆ ತಲೆಯಾಡಿಸಿದ.